ಬೆಕ್ಕಿನ ರಕ್ತದೊತ್ತಡ: ಅಳತೆಯಿಂದ ಮಾತ್ರೆಯವರೆಗೆ

ವಯಸ್ಸಾದ ಬೆಕ್ಕು ಒಂದು ಬೆಳಿಗ್ಗೆ ಹೊಸಿಲಿಗೆ ಮುಖ ತಾಗಿಸಿಕೊಂಡು, ಎದುರಿಗೇ ಇರುವ ಬಟ್ಟಲನ್ನು ಮೂಸಿ ಹುಡುಕುತ್ತಿದ್ದರೆ, ಹಗಲ ಬೆಳಕಿನಲ್ಲೂ ಅದರ ಕಣ್ಣಿನ ಪಾಪೆ ಅಗಲವಾಗಿಯೇ ಉಳಿದಿದ್ದರೆ, ಮುಪ್ಪಿನ ಮಂಕು ಎಂದುಕೊಂಡು ಸುಮ್ಮನಿರಬಾರದು. ರಕ್ತದೊತ್ತಡ ಏರಿ ಕಣ್ಣಿನ ಹಿಂಬದಿಯ ಪದರವಾದ ಅಕ್ಷಿಪಟಲ ಕಳಚಿರುವ ಸಾಧ್ಯತೆ ಇರುವುದರಿಂದ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಮೈಸೂರಿನ ನಮ್ಮ ಮನೆಯಲ್ಲಿ ಮೂರು ದಿನ ಕಾದು ನೋಡಿದೆವು; ಬೆಕ್ಕಿಗೆ ಒಂದು ಕಣ್ಣು ಮರಳಿ ಬರಲಿಲ್ಲ.

ಬೆಕ್ಕಿನ ರಕ್ತದೊತ್ತಡ ಹೆಚ್ಚಿನ ಪಾಲು ಬೇರೊಂದು ಕಾಯಿಲೆಯ ಬೆನ್ನಿಗೆ ಬರುತ್ತದೆ. ಮೂತ್ರಪಿಂಡಗಳ ದೀರ್ಘಕಾಲದ ದೌರ್ಬಲ್ಯ ಮತ್ತು ಥೈರಾಯ್ಡ್ ಗ್ರಂಥಿಯ ಅತಿಸ್ರಾವ ಇವುಗಳಲ್ಲಿ ಮುಖ್ಯವಾದವು. ಆದ್ದರಿಂದ ಒತ್ತಡ ಅಳೆಸುವುದರ ಜೊತೆಗೆ ರಕ್ತ ಮತ್ತು ಮೂತ್ರದ ಪರೀಕ್ಷೆಯನ್ನೂ ಮಾಡಿಸಬೇಕು. 7 ವರ್ಷ ದಾಟಿದ ಬೆಕ್ಕಿಗೆ ವರ್ಷಕ್ಕೊಮ್ಮೆ, 11 ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ಅಳೆಸುವುದು ಒಳ್ಳೆಯದು.

ಎಲ್ಲ ಪಶು ಆಸ್ಪತ್ರೆಗಳಲ್ಲೂ ಒತ್ತಡ ಅಳೆಯಲು ಬೇಕಾದ ಡಾಪ್ಲರ್ ಉಪಕರಣ (ರಕ್ತದ ಹರಿವನ್ನು ಶಬ್ದವಾಗಿ ಕೇಳಿಸುವ ಯಂತ್ರ) ಇರುತ್ತದೆ ಎಂದು ನಂಬಿ ಹೊರಡದೆ, ಮೊದಲೇ ಫೋನ್ ಮಾಡಿ ವಿಚಾರಿಸಿ. ಮಂಡ್ಯದಿಂದ ಮೈಸೂರಿಗೆ ಬುಟ್ಟಿಯಲ್ಲಿ ಕುಳಿತು ಬಂದ ಬೆಕ್ಕನ್ನು ಇಳಿಸಿದ ತಕ್ಷಣ ಮೇಜಿನ ಮೇಲೆ ಮಲಗಿಸಿದರೆ ಸಿಗುವುದು ಅದರ ಹೆದರಿಕೆಯ ಅಳತೆಯೇ ಹೊರತು ಕಾಯಿಲೆಯದಲ್ಲ. ನಾಯಿಗಳಿಲ್ಲದ ಕೋಣೆಯಲ್ಲಿ, ಮನೆಯ ವಾಸನೆಯಿರುವ ಹಳೆಯ ಪಂಚೆಯ ಮೇಲೆ ಅದನ್ನು ಹತ್ತು ನಿಮಿಷ ಕೂರಿಸಿ, ಉಳಿದ ತಪಾಸಣೆಗಿಂತ ಮೊದಲು ಒತ್ತಡ ನೋಡುವಂತೆ ವೈದ್ಯರನ್ನು ಕೇಳಿಕೊಳ್ಳಿ. ಕಾಲಿಗೋ ಬಾಲದ ಬುಡಕ್ಕೋ ಸುತ್ತುವ ಪಟ್ಟಿಯ ಅಗಲ ಆ ಭಾಗದ ಸುತ್ತಳತೆಯ ಶೇಕಡಾ 30ರಿಂದ 40ರಷ್ಟಿರಬೇಕು. ಕಿರಿದಾದರೆ ಅಂಕಿ ಸುಳ್ಳಾಗಿ ಏರುತ್ತದೆ. ಮೊದಲ ಅಳತೆಯನ್ನು ಬಿಟ್ಟು, ಅನಂತರದ ಐದಾರು ಅಳತೆಗಳ ಸರಾಸರಿಯನ್ನು ಹಿಡಿಯುತ್ತಾರೆ. ಯಾವ ಕಾಲು, ಯಾವ ಪಟ್ಟಿ ಎಂಬುದನ್ನು ಬರೆಸಿಕೊಂಡರೆ ಮುಂದಿನ ಸಲ ಹೋಲಿಸಿ ನೋಡಬಹುದು.

ಮೇಲಿನ ಅಂಕಿ, ಅಂದರೆ ಹೃದಯ ಸಂಕುಚಿಸಿದಾಗಿನ ಒತ್ತಡ, 140 ಮಿ.ಮೀ. ಪಾದರಸಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. ಬೇರೆ ದಿನವೂ ಅಳೆದು 160 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಾಮಾನ್ಯವಾಗಿ ಔಷಧಿ ಆರಂಭಿಸುತ್ತಾರೆ. 180 ದಾಟಿದರೆ ಕಣ್ಣು, ಮಿದುಳು, ಹೃದಯ, ಮೂತ್ರಪಿಂಡಗಳಿಗೆ ಅಪಾಯ ತೀವ್ರ. ಕಣ್ಣಿನಲ್ಲಿ ಆಗಲೇ ಹಾನಿ ಕಂಡಿದ್ದರೆ ಎರಡನೆಯ ದಿನದ ಅಳತೆಗೆ ಯಾರೂ ಕಾಯುವುದಿಲ್ಲ.

ಹೆಚ್ಚಾಗಿ ಬರೆಯುವ ಔಷಧಿ ಆಮ್ಲೋಡಿಪಿನ್. ಅದೇ ಮಾತ್ರೆ ಮನೆಯ ಹಿರಿಯರ ಡಬ್ಬಿಯಲ್ಲೂ ಇರುವುದೇ ಇಲ್ಲಿನ ದೊಡ್ಡ ಅಪಾಯವೆಂದು ನನಗನ್ನಿಸುತ್ತದೆ. ಬೆಕ್ಕಿಗೆ ಸಾಮಾನ್ಯವಾಗಿ ದಿನಕ್ಕೊಮ್ಮೆ 0.625 ಮಿಲಿಗ್ರಾಮ್‌ನಿಂದ ಶುರು ಮಾಡುತ್ತಾರೆ, ಅಂದರೆ 2.5 ಮಿಲಿಗ್ರಾಮ್ ಮಾತ್ರೆಯ ಕಾಲುಭಾಗ; ಮನುಷ್ಯರಿಗೆ ಬರೆದದ್ದು 5 ಅಥವಾ 10ರದ್ದಾಗಿರಬಹುದು, ಇಲ್ಲವೇ ಅಟೆನೊಲಾಲ್‌ನಂಥ ಇನ್ನೊಂದು ಔಷಧಿ ಸೇರಿದ ಜೋಡಿ ಮಾತ್ರೆಯಾಗಿರಬಹುದು. ಪ್ರಮಾಣವನ್ನು ವೈದ್ಯರೇ ನಿಗದಿ ಮಾಡಲಿ, ತುಂಡರಿಸಲು ಔಷಧಿ ಅಂಗಡಿಯಲ್ಲಿ ಸಿಗುವ ಮಾತ್ರೆ ಕತ್ತರಿಸುವ ಡಬ್ಬಿಯನ್ನು ಬಳಸಿ. ಒಣ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಳ್ಳದಂತೆ, ನುಂಗಿಸಿದ ಮೇಲೆ ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಸ್ವಲ್ಪಸ್ವಲ್ಪವೇ ನೀರು ಹಾಕಿ. ಒಂದು ಹೊತ್ತು ಮರೆತರೆ ಮರುದಿನ ಎರಡು ಹೊತ್ತಿನದನ್ನು ಒಟ್ಟಿಗೆ ಕೊಡಬೇಡಿ.

ಔಷಧಿ ಆರಂಭವಾದ ಒಂದೆರಡು ವಾರದಲ್ಲಿ ಮತ್ತೆ ಅಳೆಸಬೇಕು. ಮೊದಲು 160ಕ್ಕಿಂತ ಕೆಳಗೆ, ಸಾಧ್ಯವಾದರೆ ಮುಂದೆ 140ಕ್ಕಿಂತ ಕೆಳಗೆ ತರುವುದು ಗುರಿ. ಸ್ಥಿರವಾದ ಬಳಿಕ ಮೂರು ನಾಲ್ಕು ತಿಂಗಳಿಗೊಮ್ಮೆ ಸಾಕು. ಬೆಕ್ಕು ತೂಗಾಡಿದರೆ, ನಿತ್ರಾಣವಾಗಿ ಬಿದ್ದುಕೊಂಡರೆ, ಒತ್ತಡ ಅತಿಯಾಗಿ ಇಳಿದಿರಬಹುದು; ಕೂಡಲೇ ತಿಳಿಸಿ.

ಊಟದ ವಿಷಯ ಚಿಕ್ಕದು. ಉಪ್ಪು ಕಡಿಮೆ ಮಾಡಿದ ಮಾತ್ರಕ್ಕೆ ಬೆಕ್ಕಿನ ಒತ್ತಡ ಇಳಿಯುವುದಿಲ್ಲ, ಆದರೂ ಒಣಮೀನಿನ ಚೂರನ್ನು ನಿಲ್ಲಿಸಿ.

ದಸರೆಗೆ ಮನೆಗೆ ನೆಂಟರು ಬಂದಾಗ, ದೀಪಾವಳಿಯ ಪಟಾಕಿಯ ದಿನಗಳಲ್ಲಿ ತಪಾಸಣೆ ಇಟ್ಟುಕೊಳ್ಳಬೇಡಿ. ನೀವೇ ಊರಿಗೆ ಹೋಗುವುದಾದರೆ, ಮಾತ್ರೆ ನಿಂತ ಕೆಲವೇ ದಿನಗಳಲ್ಲಿ ಒತ್ತಡ ಮತ್ತೆ ಏರುವುದರಿಂದ, ಕತ್ತರಿಸಿದ ತುಂಡುಗಳನ್ನು ದಿನಕ್ಕೊಂದರಂತೆ ಪೊಟ್ಟಣ ಕಟ್ಟಿ, ಬೆಕ್ಕು ಹತ್ತಿರ ಬಿಟ್ಟುಕೊಳ್ಳುವ ನೆರೆಯವರ ಕೈಗೆ ಕೊಟ್ಟು, ಹೊರಡುವ ಮುನ್ನ ಒಂದು ಸಲ ಅವರಿಂದಲೇ ಮಾತ್ರೆ ನುಂಗಿಸಿ ನೋಡಿ.