ಕಲಬುರಗಿಯ ಹಳೆ ಊರಿನಲ್ಲಿ ಬಾಡಿಗೆ ಮನೆ: ಮೊದಲು ನೀರು ನೋಡಿ

ಶಹಾಬಜಾರ್, ಬ್ರಹ್ಮಪುರ, ಗಾಜಿಪುರ, ಮೋಮಿನಪುರ, ರೋಜಾ ಕಡೆಯೆಲ್ಲ ಗೋಡೆಗೆ ಗೋಡೆ ಹಚ್ಚಿ ಕಟ್ಟಿದ ಮನೆಗಳು. ಇಲ್ಲಿ ಮನೆ ನೋಡಲು ಹೋದವರು ಮೊದಲು ಬಾಡಿಗೆ ಕೇಳುತ್ತಾರೆ. ಅದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ.

ಪಾಲಿಕೆಯ ನೀರು ಭೀಮಾ, ಬೆಣ್ಣೆತೊರೆಗಳಿಂದ ಬರುತ್ತದೆ, ಆದರೆ ಹೆಚ್ಚಿನ ಕಡೆ ದಿನವೂ ಅಲ್ಲ. ಸರದಿ ಓಣಿಗೊಂದು ಥರ. ಮನೆ ಮಾಲೀಕರ ಬದಲು ಎದುರು ಮನೆಯವರನ್ನೇ ಕೇಳಿ: ‘ನಳ ಎಷ್ಟು ದಿನಕ್ಕೊಮ್ಮೆ ಬರ್ತದ್ರೀ? ಬ್ಯಾಸಗ್ಯಾಗ?’ ಬೇಸಿಗೆಯ ಉತ್ತರ ಹಿಡಿದೇ ಲೆಕ್ಕ ಹಾಕಬೇಕು. ಐದು ದಿನಕ್ಕೊಮ್ಮೆ ಎಂದರೆ, ತಲೆಗೆ ದಿನಕ್ಕೆ 100 ಲೀಟರಿನಂತೆ ನಾಲ್ವರಿಗೆ 2000 ಲೀಟರ್ ಬೇಕು. 5 ಅಡಿ ಉದ್ದ, 4 ಅಡಿ ಅಗಲ, 3.5 ಅಡಿ ಆಳದ ಸಂಪಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತದೆ. ಆದರೆ ಫುಟ್ ವಾಲ್ವಿಗೆ (ಮೋಟರಿನ ಹೀರುವ ಪೈಪಿನ ತುದಿಯ ಕವಾಟ) ಸಿಗದೆ ತಳದಲ್ಲಿ ಉಳಿಯುವ ನೀರನ್ನು ಕಳೆಯಿರಿ. ಮೇಲಿನ ಮಹಡಿಯವರದೂ ಅದೇ ಸಂಪಾದರೆ ನಿಮ್ಮ ಪಾಲಿಗೆ ಅರ್ಧ. ಮುಚ್ಚಳ ತೆಗೆಸಿ ಟೇಪು ಹಿಡಿದು ಅಳೆಯಿರಿ, ಸಂಕೋಚ ಬೇಡ.

ನೀರು ಕೆಡುವುದು ಹೆಚ್ಚಾಗಿ ಪೈಪಿನಲ್ಲಿ. ಸರದಿ ಮುಗಿದ ಮೇಲೆ ಖಾಲಿ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಪಕ್ಕದ ಚರಂಡಿಯ ಕೊಳೆ ಸಡಿಲ ಜೋಡಣೆಗಳಲ್ಲಿ ಒಳಗೆ ಇಳಿಯುತ್ತದೆ. ನಳಕ್ಕೆ ನೇರ ಮೋಟರ್ ಹಚ್ಚಿ ಎಳೆದರೆ ಇನ್ನಷ್ಟು ಕೊಳೆ ಬರುತ್ತದೆ. ಆದ್ದರಿಂದ ಮೊದಲ ಹತ್ತು ನಿಮಿಷದ ನೀರನ್ನು ಅಂಗಳ ತೊಳೆಯಲು ಬಿಟ್ಟು, ತಿಳಿಯಾದ ಮೇಲೆ ಸಂಪಿಗೆ ತಿರುಗಿಸಿ. ಕುಡಿಯುವುದಕ್ಕೆ ಕುದಿಸಲೇಬೇಕು. ಸಂಪಿನ ಪಕ್ಕದಲ್ಲೇ ಒಳಚರಂಡಿಯ ಚೇಂಬರ್ ಇದ್ದರೆ ಆ ಮನೆ ಬೇಡ.

ಮನೆ ನೋಡಲು ಮಧ್ಯಾಹ್ನ ಮೂರಕ್ಕೆ ಹೋಗಿ. ನೆಲದ ಶಹಾಬಾದ ಫರ್ಸಿ (ಕಲ್ಲಿನ ಚಪ್ಪಡಿ) ತಂಪಾಗಿರುತ್ತದೆ, ಅದನ್ನು ನಂಬಿ ಮೋಸಹೋಗಬೇಡಿ. ಕೈಯನ್ನು ಮೇಲಂತಸ್ತಿನ ಪಡುವಣ ಗೋಡೆಗೆ ಇಡಿ. ಆಗಲೇ ಸುಡುತ್ತಿದ್ದರೆ ಮೇ ತಿಂಗಳ ರಾತ್ರಿ ಅಲ್ಲಿ ಮಲಗುವುದು ಕಷ್ಟ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕಿದೆಯೇ ನೋಡಿ. ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಪಾಯ ಅಲುಗುತ್ತದೆ, ಸುಣ್ಣ ಬಳಿದರೂ ಆ ಬಿರುಕು ಮತ್ತೆ ಬಾಯಿಬಿಡುತ್ತದೆ. ನಾಣ್ಯದ ಅಂಚು ಒಳಗೆ ಹೋಗುವಷ್ಟಿದ್ದರೆ ಬಿಟ್ಟುಬಿಡಿ.

ಕೋಟೆಯ ಸುತ್ತಮುತ್ತ ಮನೆ ಸಿಕ್ಕರೆ ಇನ್ನೊಂದು ಎಚ್ಚರ. ಅದು ಸಂರಕ್ಷಿತ ಸ್ಮಾರಕ. 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ರಿಪೇರಿಗೂ ಅನುಮತಿ ಬೇಕು, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ‘ಮುಂದಿನ ತಿಂಗಳು ಮೇಲೊಂದು ಬಾತ್‌ರೂಮ್ ಕಟ್ಟಿಸಿ ಕೊಡ್ತೀನಿ’ ಎಂಬ ಮಾತಿಗೆ ಮುಂಗಡ ಕೊಡಬೇಡಿ.

ಕರಾರುಪತ್ರ ಸಾಮಾನ್ಯವಾಗಿ 11 ತಿಂಗಳಿಗೆ; ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ವಿದ್ಯುತ್ ಮೀಟರಿನ ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ), ಆ ದಿನದ ರೀಡಿಂಗ್, ಹಳೆ ಬಾಕಿ ಯಾರದು ಎಂಬುದನ್ನು ಅದರಲ್ಲೇ ಬರೆಸಿ.

ಸಾಮಾನು ತರುವ ಮೊದಲು ಗಲ್ಲಿಯ ಅತಿ ಕಿರಿದಾದ ತಿರುವನ್ನು ಅಳೆಯಿರಿ. ಟಾಟಾ ಏಸ್ ಸುಮಾರು 5 ಅಡಿ ಅಗಲ. ತಿರುವು 7 ಅಡಿಯಾದರೂ ಇರದಿದ್ದರೆ ಚೌಕದಿಂದ ತಳ್ಳುಗಾಡಿಯೇ ಗತಿ. ಹೋಳಿಯಾದ ಐದನೆಯ ದಿನ ಶರಣಬಸವೇಶ್ವರ ಜಾತ್ರೆಯ ತೇರು, ಖಾಜಾ ಬಂದೇನವಾಜ್ ದರ್ಗಾದ ಉರುಸು ಇಸ್ಲಾಮಿ ಪಂಚಾಂಗದ ಜಿಲ್ಕದ್ ತಿಂಗಳ ನಡುವೆ, ಇಂಗ್ಲಿಷ್ ತಾರೀಖಿನ ಲೆಕ್ಕದಲ್ಲಿ ಪ್ರತಿವರ್ಷ 10-11 ದಿನ ಮೊದಲೇ ಬರುತ್ತದೆ. ಆ ದಿನಗಳಲ್ಲಿ ಬ್ರಹ್ಮಪುರ, ರೋಜಾ ಕಡೆ ಗಾಡಿ ಬುಕ್ ಮಾಡಬೇಡಿ.