ಜಿಪಿಎಸ್‌ಗೆ ಸಂಕ ಇರುವ ನಕ್ಷೆ

ಮಲೆನಾಡಿನ ಗುಡ್ಡ ತಿರುಗುವವರಿಗೆ ರಸ್ತೆಯ ನಕ್ಷೆ ಅಷ್ಟಾಗಿ ಬೇಕಾಗುವುದಿಲ್ಲ. ಹಳ್ಳಕ್ಕೆ ಸಂಕ, ಅಂದರೆ ಮರದ ಕಾಲುಸೇತುವೆ, ಎಲ್ಲಿ ಹಾಕಿದ್ದಾರೆ, ತೋಟದ ಬೇಲಿಗೆ ದಾಟಿಹೋಗುವ ದಣಪೆ ಎಲ್ಲಿದೆ, ದಟ್ಟ ಕಾಡಾದ ಕಾನು ಮುಗಿದು ಹುಲ್ಲುಗುಡ್ಡ ಎಲ್ಲಿ ಶುರುವಾಗುತ್ತದೆ, ಬೇಕಾದದ್ದು ಇದು. ಸಿದ್ಧ ನಕ್ಷೆಗಳಲ್ಲಿ ಇದೊಂದೂ ಇರುವುದಿಲ್ಲ. ಆಗುಂಬೆ, ಶೃಂಗೇರಿ, ಕುದುರೆಮುಖದ ಕಡೆ ಓಡಾಡಲು ಕೈಯಲ್ಲಿ ಹಿಡಿಯುವ ನನ್ನ ಜಿಪಿಎಸ್ ಉಪಕರಣ ಗಾರ್ಮಿನ್ ಇಟ್ರೆಕ್ಸ್ 20ಕ್ಕೆ ನಾನೇ ನಕ್ಷೆ ಮಾಡಿಕೊಂಡೆ. ಮೊಬೈಲ್ ಸಾಲದೇ ಎಂದು ಕೇಳುವವರು ಜುಲೈ ತಿಂಗಳ ಮಳೆಯಲ್ಲಿ ಒದ್ದೆ ಬೆರಳಿನಿಂದ ಟಚ್ ಸ್ಕ್ರೀನ್ ಒತ್ತಿ ನೋಡಲಿ.

ಮೊದಲು ಹಿಡಿದದ್ದು ಸುಲಭದ ದಾರಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯ ಶೀಟನ್ನು ಚಿತ್ರವಾಗಿ ಕತ್ತರಿಸಿ, ಚಿತ್ರದ ಜೊತೆ ಅದರ ಸ್ಥಳವನ್ನೂ ಹೊತ್ತ ಕೆಎಂಝಡ್ ಕಡತ ಮಾಡಿ, ಉಪಕರಣದ ಕಸ್ಟಮ್‌ಮ್ಯಾಪ್ಸ್ ಫೋಲ್ಡರಿಗೆ ಹಾಕಿದರೆ ನಕ್ಷೆ ಕಾಣುತ್ತದೆ. ಆದರೆ ಒಂದು ತುಂಡು 1024×1024 ಪಿಕ್ಸೆಲ್ ಮೀರುವಂತಿಲ್ಲ, ಒಟ್ಟು ತುಂಡುಗಳು 100 ದಾಟುವಂತಿಲ್ಲ. ಒಂದು ಶೀಟ್ ಎಂದರೆ ನಮ್ಮ ಕಡೆ ಸುಮಾರು 27 ಕಿ.ಮೀ. ಚೌಕ. ಪಿಕ್ಸೆಲ್ಲಿಗೆ ಐದೂವರೆ ಮೀಟರ್ ಲೆಕ್ಕ ಹಿಡಿದರೆ ಶೀಟಿಗೆ 25 ತುಂಡು, ನಾಲ್ಕು ಶೀಟಿಗೆ ಕೋಟಾ ಖಾಲಿ. ಹತ್ತಿರ ಎಳೆದು ನೋಡಿದರೆ ಅಕ್ಷರವೆಲ್ಲ ಮಸುಕು.

ಹಳೆಯ ಶೀಟುಗಳಲ್ಲಿ ಇನ್ನೊಂದು ತೊಡಕಿದೆ. 48 ಓ ಎಂಬಂಥ ಸಂಖ್ಯೆಯಿರುವ ಆ ಶೀಟುಗಳನ್ನು ಭೂಮಿಯ ಆಕಾರಕ್ಕೆ ಹಿಂದೆ ಬಳಸುತ್ತಿದ್ದ ಎವರೆಸ್ಟ್ ಗೋಳಾಭ ಎಂಬ ಮಾದರಿಯ ಮೇಲೆ ಬರೆದಿದ್ದಾರೆ. ಜಿಪಿಎಸ್ ಲೆಕ್ಕ ಹಾಕುವುದು ಡಬ್ಲ್ಯೂಜಿಎಸ್ 84 ಎಂಬ ಬೇರೆ ಮಾದರಿಯಲ್ಲಿ. ಅಂಚಿನಲ್ಲಿರುವ ಅಕ್ಷಾಂಶ ರೇಖಾಂಶಗಳನ್ನು ಹಾಗೆಯೇ ನಂಬಿ ಕೂರಿಸಿದರೆ ಎಲ್ಲವೂ ನೂರು ಮೀಟರಿಗೂ ಹೆಚ್ಚು ಸರಿದು ನಿಲ್ಲುತ್ತದೆ. ನೂರು ಮೀಟರ್ ಎಂದರೆ ಹಳ್ಳದ ಆ ದಡವೋ ಈ ದಡವೋ ಎಂಬ ಪ್ರಶ್ನೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಈ ಮಾದರಿಯನ್ನು (ಡೇಟಮ್) ಬದಲಿಸಿಕೊಳ್ಳಬಹುದು. 2005ರ ನಕ್ಷಾ ನೀತಿಯ ನಂತರ ಬಂದ ಓಪನ್ ಸೀರೀಸ್ ಶೀಟುಗಳು ಡಬ್ಲ್ಯೂಜಿಎಸ್ 84ರಲ್ಲೇ ಇರುವುದರಿಂದ ಈ ಕಾಟವಿಲ್ಲ.

ಕೊನೆಗೆ ನಾನು ನೆಚ್ಚಿಕೊಂಡದ್ದು ಗೆರೆಗಳಿಂದಲೇ ಕಟ್ಟುವ ವೆಕ್ಟರ್ ನಕ್ಷೆ. ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ದಕ್ಷಿಣ ಭಾರತದ ದತ್ತಾಂಶವನ್ನು ಜಿಯೋಫ್ಯಾಬ್ರಿಕ್ ಜಾಲತಾಣದಿಂದ ಇಳಿಸಿ, ನನಗೆ ಬೇಕಾದ ಚೌಕವನ್ನಷ್ಟೇ ಕತ್ತರಿಸಿ, ಎಂಕೆಜಿಮ್ಯಾಪ್ ಎಂಬ ಉಚಿತ ಜಾವಾ ತಂತ್ರಾಂಶಕ್ಕೆ ಕೊಡುತ್ತೇನೆ. ಅದರಿಂದ ಹೊರಬರುವ ಐಎಂಜಿ ಕಡತ ಮೆಮೊರಿ ಕಾರ್ಡಿನ ಗಾರ್ಮಿನ್ ಫೋಲ್ಡರಿಗೆ ಹೋಗುತ್ತದೆ.

ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗಳಿಗೆ ಆಧಾರ 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ಎಸ್‌ಆರ್‌ಟಿಎಂ ದತ್ತಾಂಶ. ಸುಮಾರು 30 ಮೀಟರಿಗೊಂದು ಬಿಂದು. ಕಾಡಿನಲ್ಲಿ ಇದನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು, ಏಕೆಂದರೆ ರೇಡಾರಿಗೆ ಕಂಡದ್ದು ಬಹುಮಟ್ಟಿಗೆ ಮರಗಳ ತಲೆ, ನೆಲವಲ್ಲ. ದಟ್ಟ ಕಾನು ಮುಗಿದು ಹುಲ್ಲುಗುಡ್ಡ ಶುರುವಾಗುವಲ್ಲಿ ನಕ್ಷೆ ಇಲ್ಲದ ಮೆಟ್ಟಿಲೊಂದನ್ನು ತೋರಿಸುತ್ತದೆ. ಇದು ಗೊತ್ತಿದ್ದರೆ ಲಾಭವೂ ಉಂಟು: ಆ ಸುಳ್ಳು ಮೆಟ್ಟಿಲೇ ಕಾನಿನ ಅಂಚು.

ಗಾರ್ಮಿನ್ ಉಪಕರಣ ಕಾಂಟೂರ್ ಗೆರೆಯ ಮೇಲಿನ ಸಂಖ್ಯೆಯನ್ನು ಅಡಿ ಎಂದೇ ಓದುತ್ತದೆ. ಮೀಟರಿನಲ್ಲಿ 1000 ಎಂದು ಬರೆದುಕೊಟ್ಟರೆ, ಅದನ್ನು ಅಡಿಯೆಂದು ತಿಳಿದು ಮೀಟರಿಗೆ ಪರಿವರ್ತಿಸಿ 305 ಎನ್ನುತ್ತದೆ. ಆದ್ದರಿಂದ ಎಂಕೆಜಿಮ್ಯಾಪ್‌ಗೆ ಸೂಚನೆ ಕೊಡುವ ಸ್ಟೈಲ್ ಕಡತದಲ್ಲಿಯೇ ಮೀಟರನ್ನು ಅಡಿಗೆ ತಿರುಗಿಸುವ ಸಾಲು ಇರಬೇಕು.

ನಿಜವಾದ ಕೆಲಸ ಇರುವುದೂ ಈ ಸ್ಟೈಲ್ ಕಡತದಲ್ಲೇ. ಯಾವ ವಸ್ತು ಯಾವ ಜೂಮಿನಿಂದ ಕಾಣಬೇಕು ಎಂದು ಹೇಳುವುದು ಅದು. ಇಟ್ರೆಕ್ಸ್‌ನ ಪರದೆ 176×220 ಪಿಕ್ಸೆಲ್. ಅಂಗೈಯಲ್ಲಿ ಅರ್ಧ ತುಂಬುವುದಿಲ್ಲ. ಅಲ್ಲಿ ಎಲ್ಲವನ್ನೂ ತೋರಿಸಹೊರಟರೆ ಏನೂ ಕಾಣುವುದಿಲ್ಲ. 100 ಮೀಟರಿನ ಕಾಂಟೂರ್ ಗೆರೆಗಳು ದೂರದಿಂದಲೂ ಕಾಣುವಂತೆ, 20 ಮೀಟರಿನವು ಹತ್ತಿರ ಬಂದಾಗ ಮಾತ್ರ ಮೂಡುವಂತೆ ಬರೆದೆ. ಬ್ಯಾಂಕು, ಎಟಿಎಂ, ಆಡಳಿತದ ಗಡಿಗೆರೆಗಳನ್ನು ಪೂರ್ತಿ ತೆಗೆದೆ. ಹಳ್ಳಗಳನ್ನು ರಸ್ತೆಗಿಂತ ದಪ್ಪ ಮಾಡಿದೆ. ನೋಡಿದವರು ನಗುತ್ತಾರೆ, ನಗಲಿ. ಮಳೆಗಾಲದಲ್ಲಿ ನಮ್ಮನ್ನು ತಡೆಯುವುದು ಹಳ್ಳವೇ ಹೊರತು ರಸ್ತೆಯಲ್ಲ.

ಸಂಕ, ದಣಪೆ, ಬೇಸಿಗೆಯಲ್ಲೂ ಬತ್ತದ ಅಬ್ಬಿ ಇವಕ್ಕೆಲ್ಲ ಬೇರೆಯೇ ಪಾರದರ್ಶಕ ಪದರ ಕಟ್ಟಿದ್ದೇನೆ. ಮೂಲ ನಕ್ಷೆಯ ಮೇಲೆ ಅದು ಕೂರುತ್ತದೆ, ಬೇಡವಾದಾಗ ಉಪಕರಣದಲ್ಲೇ ಆರಿಸಬಹುದು. ನಡೆಯುವಾಗ ಉಪಕರಣದಲ್ಲಿ ವೇಪಾಯಿಂಟ್ (ಸ್ಥಳದ ಗುರುತು) ಹಾಕಿ, ಮನೆಗೆ ಬಂದು ಜೋಸ್ಮ್ ಎಂಬ ನಕ್ಷೆ ತಿದ್ದುವ ತಂತ್ರಾಂಶದಲ್ಲಿ ಸೇರಿಸುತ್ತೇನೆ. ಗುರುತಿನ ಚಿತ್ರಗಳನ್ನು, ಚಿಹ್ನೆಗಳ ರೂಪ ಹೇಳುವ ಟಿವೈಪಿ ಕಡತದಲ್ಲಿ ನಾನೇ ಬರೆದುಕೊಂಡೆ: ಸಂಕಕ್ಕೆ ಎರಡು ಅಡ್ಡಗೆರೆ, ಅಬ್ಬಿಗೆ ನೀಲಿ ಹನಿ. ಸಂಕ ಮರದ್ದಾದ್ದರಿಂದ ಒಂದು ದೊಡ್ಡ ನೆರೆಗೆ ಕೊಚ್ಚಿಹೋಗಬಹುದು. ಹೆಸರಿನ ಪಕ್ಕ ನೋಡಿದ ತಿಂಗಳು, ವರ್ಷ ಬರೆಯದಿದ್ದರೆ ಆ ಗುರುತಿಗೆ ಬೆಲೆಯಿಲ್ಲ.

ಊರಿನವರು ಹೇಳಿದ ಗುಡ್ಡ, ಹಳ್ಳಗಳ ಹೆಸರನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಸೇರಿಸುತ್ತೇನೆ, ಎಲ್ಲರಿಗೂ ಸಿಗಲಿ ಎಂದು. ತೋಟದೊಳಗಿನ ದಾರಿ, ಜೇನು ಕಟ್ಟುವ ಮರ, ಅರಣ್ಯ ಇಲಾಖೆಯ ಅನುಮತಿ ಬೇಕಾದ ಕಾಲುದಾರಿ ಇವು ನನ್ನ ಕಾರ್ಡಿನಲ್ಲೇ ಉಳಿಯುತ್ತವೆ. ಕೇಳಿದವರಿಗೆ ಮೂಲ ನಕ್ಷೆ, ಸ್ಟೈಲ್ ಕಡತ ಎರಡನ್ನೂ ಕೊಡುತ್ತೇನೆ. ಆ ಪದರವನ್ನು ಮಾತ್ರ ಕೊಡುವುದಿಲ್ಲ.