ದುಬಾರಿ ಕಿರು ಕೀಲಿಮಣೆಯನ್ನು ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ

ಕಿರು ಕೀಲಿಮಣೆಗಳಲ್ಲಿ ಹೆಸರಾದ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್ ಜಪಾನಿನ ಗಣಕ ವಿಜ್ಞಾನಿ ಏಯಿಚಿ ವಾದಾ ಅವರ ಕಲ್ಪನೆಯಿಂದ ಮೂಡಿ, 1996ರಲ್ಲಿ ಪಿಎಫ್‌ಯು ಸಂಸ್ಥೆಯ ಮೂಲಕ ಮಾರುಕಟ್ಟೆಗೆ ಬಂದಿತು. ಇಂದು ಅದರ ಬೆಲೆ ಏರಲು ಮುಖ್ಯ ಕಾರಣವಾಗಿರುವ, ಮೃದು ಸ್ಪರ್ಶದ ಟೋಪ್ರೆ ಎಂಬ ಬಗೆಯ ಕೀಲಿಗಳು ಅದಕ್ಕೆ ಸೇರಿದ್ದು 2003ರ ಪ್ರೊಫೆಷನಲ್ ಮಾದರಿಯಲ್ಲಿ. ಆದ್ದರಿಂದ ಕೀಲಿಗಳ ಜೋಡಣೆಯೂ ಅವುಗಳ ಸ್ಪರ್ಶವೂ ಎರಡು ಬೇರೆ ಸಂಗತಿಗಳು. ಅವನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು.

ಜೋಡಣೆಯನ್ನು ಹಣ ಕೊಡದೆಯೇ ಪರೀಕ್ಷಿಸಬಹುದು. ಇದರ ಇಂಗ್ಲಿಷ್ ಮಾದರಿಯಲ್ಲಿ ಇರುವುದು 60 ಕೀಲಿಗಳು: ಬಾಣದ ಕೀಲಿಗಳಿಲ್ಲ, ಕ್ಯಾಪ್ಸ್ ಲಾಕ್ ಇರುವ ಜಾಗದಲ್ಲಿ ಕಂಟ್ರೋಲ್ ಇದೆ, ಫಂಕ್ಷನ್ (Fn) ಕೀಲಿಯನ್ನು ಒತ್ತಿಹಿಡಿದು ಎಡ ಚೌಕಾವರಣ, ಅರ್ಧವಿರಾಮ, ಉದ್ಧರಣ ಚಿಹ್ನೆ ಮತ್ತು ಓರೆಗೆರೆಯ ಕೀಲಿಗಳನ್ನು ಒತ್ತಿದರೆ ಬಾಣಗಳು ಸಿಗುತ್ತವೆ. ಕೀಲಿಗಳ ಕೆಲಸವನ್ನು ಬದಲಿಸುವ ಉಚಿತ ತಂತ್ರಾಂಶವೊಂದರಿಂದ ಇದೇ ವ್ಯವಸ್ಥೆಯನ್ನು ಈಗಿರುವ ಕೀಲಿಮಣೆಯಲ್ಲಿ ರೂಪಿಸಿಕೊಂಡು, ನಿಜವಾದ ಬಾಣದ ಕೀಲಿಗಳನ್ನು ಎರಡು ವಾರ ಮುಟ್ಟದೆ ಕೆಲಸ ಮಾಡಿ ನೋಡಿ. ಮೊದಲ ದಿನಗಳಲ್ಲಿ ವೇಗ ಕುಸಿಯುವುದು ಸಹಜ, ಅದಕ್ಕೆ ಅಂಜಬೇಕಾಗಿಲ್ಲ. ಎರಡನೆಯ ವಾರದ ಕೊನೆಗೂ ಬೆರಳುಗಳು ಹಳೆಯ ಜಾಗವನ್ನೇ ತಡಕುತ್ತಿದ್ದರೆ ಈ ಜೋಡಣೆ ನಿಮ್ಮದಲ್ಲ. ಬಲಬದಿಯ ಅಂಕಿ ಕೀಲಿಗಳ ಗುಂಪು ಇದರಲ್ಲಿಲ್ಲವಾದ್ದರಿಂದ, ದಿನವಿಡೀ ಅಂಕಿಗಳನ್ನು ತುಂಬುವವರು ಈ ಪರೀಕ್ಷೆಗೂ ಇಳಿಯಬೇಕಾಗಿಲ್ಲ.

ಸ್ಪರ್ಶವನ್ನು ಮಾತ್ರ ಬೆರಳೇ ಹೇಳಬೇಕು. ಟೋಪ್ರೆ ಕೀಲಿಯಲ್ಲಿ ರಬ್ಬರ್ ಗುಮ್ಮಟದಡಿ ಶಂಕುವಿನಾಕಾರದ ಸ್ಪ್ರಿಂಗ್ ಇರುತ್ತದೆ. ಅದು ಕುಗ್ಗಿದಾಗ ಬದಲಾಗುವ ವಿದ್ಯುತ್ ಧಾರಕತೆಯಿಂದ (ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯದಿಂದ) ಒತ್ತು ದಾಖಲಾಗುವುದರಿಂದ, ಲೋಹದ ಸಂಪರ್ಕಗಳು ಸವೆಯುವ ಮಾತೇ ಇಲ್ಲ. ದಿನಕ್ಕೆ ಐದಾರು ಗಂಟೆ ಬರೆಯುವವರಿಗೆ ಆ ಮೃದುತ್ವ ಹಣಕ್ಕೆ ತಕ್ಕುದೆಂದೇ ನನ್ನ ದೃಢ ಅಭಿಪ್ರಾಯ, ದಿನಕ್ಕೆ ನಾಲ್ಕು ಮಿಂಚಂಚೆ ಬರೆಯುವವರಿಗೆ ಅಲ್ಲ. ಪರಿಚಯಸ್ಥರ ಕೀಲಿಮಣೆಯಲ್ಲಿ ಐದು ನಿಮಿಷ ಕುಟ್ಟಿ ತೀರ್ಮಾನಿಸದೆ, ಒಂದು ದಿನದ ನಿಜವಾದ ಕೆಲಸವನ್ನು ಅದರಲ್ಲೇ ಮುಗಿಸಿ ನೋಡಿ.

ಜೋಡಣೆ ಮಾತ್ರ ಒಗ್ಗಿದರೆ, ಅಷ್ಟೇ ಚಿಕ್ಕದಾದ ಅಗ್ಗದ ಮೆಕ್ಯಾನಿಕಲ್ (ಪ್ರತಿ ಕೀಲಿಗೂ ಪ್ರತ್ಯೇಕ ಸ್ವಿಚ್ ಇರುವ) ಕೀಲಿಮಣೆಯೇ ಸಾಕು. ಸ್ಪರ್ಶ ಮಾತ್ರ ಹಿಡಿಸಿದರೆ, ಟೋಪ್ರೆ ಕೀಲಿಗಳ ಜೊತೆಗೆ ಬಾಣದ ಕೀಲಿಗಳೂ ಇರುವ ರಿಯಲ್‌ಫೋರ್ಸ್ ಮಾದರಿಗಳನ್ನು ಪರಿಶೀಲಿಸಿ. ಎರಡೂ ಹಿಡಿಸಿದವರು ಮಾತ್ರ ಪೂರ್ಣ ಬೆಲೆ ತೆರಲಿ.